548ಕ್ಕೆ ಸಿಗದ ಸೀಟು 474ಕ್ಕೆ ಸಿಕ್ಕಿತು: ಮಗಳ ನೀಟ್ ಮತ್ತು ಕೆಇಎ ಕೌನ್ಸೆಲಿಂಗ್ ಅನುಭವ

ಮಗಳಿಗೆ ಎಂಬಿಬಿಎಸ್ ಸೀಟಾಯಿತು ಎಂದು ಸುದ್ದಿ ಹರಡಿದ ಮೇಲೆ ಫೋನಿಗೆ ಬಿಡುವಿಲ್ಲ. ಅಭಿನಂದನೆ ಅರ್ಧ ನಿಮಿಷ, ಆಮೇಲೆ ಎಲ್ಲರದೂ ಒಂದೇ ಪ್ರಶ್ನೆ: "ಎಷ್ಟು ಮಾರ್ಕ್ಸ್ ಬಂದಿತ್ತು?" 474 ಎಂದರೆ ನಂಬುವುದಿಲ್ಲ. "ಹೋದ ವರ್ಷ 548 ಬಂದಾಗಲೇ ಆಗಲಿಲ್ಲವಲ್ಲ, ಈಗ ಹೇಗಾಯ್ತು?" ಎನ್ನುತ್ತಾರೆ. ಎಲ್ಲೋ ದುಡ್ಡು ಕೊಟ್ಟಿರಬೇಕು ಎಂಬ ಗುಮಾನಿ ದನಿಯಲ್ಲೇ ಗೊತ್ತಾಗುತ್ತದೆ. ಒಬ್ಬೊಬ್ಬರಿಗೂ ಬಿಡಿಸಿ ಹೇಳಿ ಸಾಕಾಗಿದೆ. ಮುಂದಿನ ವರ್ಷ ಈ ದಾರಿ ಹಿಡಿಯುವವರಿಗೂ ಉಪಯೋಗವಾಗಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮದು ಮಲೆನಾಡಿನ ಅಂಚಿನ ಹಳ್ಳಿ. ಮಗಳು ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಗಳಲ್ಲೇ, ಕನ್ನಡ ಮಾಧ್ಯಮದಲ್ಲೇ ಓದಿದವಳು. ಪಿಯುಸಿಗೆ ಪೇಟೆಗೆ ಹೋದಳು, 94 ಪರ್ಸೆಂಟ್ ತೆಗೆದಳು. ಫಲಿತಾಂಶದ ದಿನ ನಮ್ಮ ಭಾವ ಸ್ವೀಟ್ ತಂದು, "ಇನ್ನೇನು ಡಾಕ್ಟರ್ ಆದ ಹಾಗೆ" ಅಂದರು. ಅವರ ಕಾಲ ಬೇರೆ. ಆಗ ಸಿಇಟಿ ಅಂಕದ ಜೊತೆ ಪಿಯು ಅಂಕವೂ ಸೇರಿ ರ‍್ಯಾಂಕ್ ಆಗುತ್ತಿತ್ತು. 2017ರಿಂದ ರಾಜ್ಯದ ವೈದ್ಯಕೀಯ ಸೀಟುಗಳೂ ನೀಟ್ ರ‍್ಯಾಂಕಿನ ಮೇಲೇ ಹಂಚಿಕೆಯಾಗುತ್ತಿವೆ. ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ 50, ಮೀಸಲಾತಿ ವರ್ಗಕ್ಕೆ 40 ಪರ್ಸೆಂಟ್ ಬಂದಿದ್ದರೆ ಸಾಕು. ಅದರ ಮೇಲೆ ನೀವು 60 ತೆಗೆದಿರಿ, 99 ತೆಗೆದಿರಿ, ಎಂಬಿಬಿಎಸ್ ಸಾಲಿನಲ್ಲಿ ನಿಮ್ಮ ಜಾಗ ಒಂದಿಂಚೂ ಕದಲುವುದಿಲ್ಲ. ಇದನ್ನು ಕೇಳಿದಾಗ ಅವಳ ಅಮ್ಮನಿಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

2024ರ ನೀಟ್ ನೆನಪಿರಬಹುದು. ಜೂನ್ 4ಕ್ಕೆ ಫಲಿತಾಂಶ ಬಂತು, 67 ಜನಕ್ಕೆ 720ಕ್ಕೆ 720. ಆಮೇಲೆ ಪ್ರಶ್ನೆಪತ್ರಿಕೆ ಸೋರಿಕೆಯ ಗಲಾಟೆ, 1,563 ಮಂದಿಗೆ ಕೊಟ್ಟಿದ್ದ ಕೃಪಾಂಕ ರದ್ದು, ಮರುಪರೀಕ್ಷೆ, ಸುಪ್ರೀಂ ಕೋರ್ಟು. ಪರೀಕ್ಷೆ ಉಳಿಯುತ್ತದೋ ಇಡೀ ದೇಶಕ್ಕೇ ಮತ್ತೆ ಬರೆಸುತ್ತಾರೋ ಎಂಬುದೇ ತಿಳಿಯದೆ ಜುಲೈ ಕಳೆಯಿತು. ಅವಳಿಗೆ 548 ಬಂದಿತ್ತು. ಹಿಂದಿನ ವರ್ಷಗಳ ಕಟಾಫ್ ನೋಡಿಕೊಂಡು ನಾವು ಸರ್ಕಾರಿ ಕಾಲೇಜೇ ಗ್ಯಾರಂಟಿ ಎಂದು ಕೂತಿದ್ದೆವು. ಆದರೆ ಆ ವರ್ಷ ಅಂಕಗಳೆಲ್ಲ ಉಬ್ಬಿ ಹೋಗಿದ್ದವು. 600 ತೆಗೆದವರೇ 80 ಸಾವಿರದ ಆಸುಪಾಸಿನ ರ‍್ಯಾಂಕಿನಲ್ಲಿದ್ದರು. ಇವಳ ರ‍್ಯಾಂಕ್ ಒಂದೂವರೆ ಲಕ್ಷದ ಹತ್ತಿರ ಹೋಗಿ ನಿಂತಿತು. ಡೆಂಟಲ್ ಸಿಗುವಂತಿತ್ತು. "ಬೇಡಪ್ಪ, ಇನ್ನೊಂದು ಸಲ ಬರೀತೀನಿ" ಅಂದಳು.

ಲಾಂಗ್ ಟರ್ಮ್ ಕೋಚಿಂಗಿಗೆ ಹಾಸ್ಟೆಲ್ ಸೇರಿ ಒಂದು ಲಕ್ಷದ ಮೇಲೆ ಖರ್ಚಾಯಿತು. ಹಣಕ್ಕಿಂತ ಹೆಚ್ಚು ಕಾಡಿದ್ದು ಆ ವರ್ಷದ ಮೌನ. ಜೊತೆಯವರೆಲ್ಲ ಎಲ್ಲೆಲ್ಲೋ ಸೇರಿಕೊಂಡಿದ್ದರು. ಮದುವೆ ಮನೆಗೂ ಬರುವುದನ್ನು ಬಿಟ್ಟಳು, ಬಂದರೆ "ಏನ್ ಮಾಡ್ತಿದೀಯಮ್ಮ ಈಗ?" ಎಂಬ ಪ್ರಶ್ನೆ ಕಾದಿರುತ್ತಿತ್ತು. ಮನೆಯಲ್ಲಿ ಒಂದು ವರ್ಷ ಕೂರಿಸುವವರು ಮಕ್ಕಳ ಜೊತೆಗೆ ನೆಂಟರಿಗೂ ಸ್ವಲ್ಪ ತಯಾರಿ ಕೊಡುವುದು ಒಳ್ಳೆಯದು.

ಅವಳು ಓದುತ್ತಿದ್ದ ಆ ವರ್ಷ ನಾನು ಕಾಗದ ಪತ್ರದ ಬೆನ್ನು ಬಿದ್ದೆ. ಇಡೀ ಪ್ರಕ್ರಿಯೆಯಲ್ಲಿ ಪೋಷಕರ ಕೈಯಲ್ಲಿರುವುದು ಇದೊಂದೇ. ಅಂಕ ತರುವುದು ಮಕ್ಕಳ ಪಾಡು. ಆದರೆ ಅದೇ ರ‍್ಯಾಂಕಿಗೆ ಯಾವ ಸೀಟು ಎಂಬುದನ್ನು ನಿರ್ಧರಿಸುವುದು ಪ್ರಮಾಣಪತ್ರಗಳು. ನಮ್ಮದು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ 2ಎ ವರ್ಗ. ಅದರೊಳಗೆ ಮತ್ತೆ ಮೂರು ಕವಲು: 2ಎಜಿ, 2ಎಆರ್, 2ಎಕೆ. ಜಿ ಅಂದರೆ ಆ ವರ್ಗದ ಸಾಮಾನ್ಯ ಸೀಟು, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಗ್ರಾಮೀಣ ಮೀಸಲಾತಿ 15 ಪರ್ಸೆಂಟ್, ಕನ್ನಡ ಮಾಧ್ಯಮದ್ದು 5 ಪರ್ಸೆಂಟ್. ಒಂದರಿಂದ ಹತ್ತನೇ ತರಗತಿವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ನಡುವೆ ಒಂದು ವರ್ಷ ಪೇಟೆ ಶಾಲೆಗೆ ಹೋಗಿದ್ದರೂ ಗ್ರಾಮೀಣ ಕೋಟಾ ಇಲ್ಲ. ಕನ್ನಡ ಮಾಧ್ಯಮಕ್ಕೂ ಹತ್ತು ವರ್ಷದ್ದೇ ಲೆಕ್ಕ. ಎರಡಕ್ಕೂ ಓದಿದ ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರು ನಿಗದಿತ ನಮೂನೆಯಲ್ಲಿ ಬರೆದುಕೊಡಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೇಲುಸಹಿ ಆಗಬೇಕು.

ಇಲ್ಲಿ ನಮಗೆ ಬಿದ್ದ ಗಂಟು ಯಾರೂ ಊಹಿಸದ್ದು. ಅವಳು ಐದನೇ ಕ್ಲಾಸಿನವರೆಗೆ ಓದಿದ ಶಾಲೆಯೇ ಈಗ ಇಲ್ಲ. ಮಕ್ಕಳಿಲ್ಲದೆ ಮುಚ್ಚಿ, ದಾಖಲೆಗಳನ್ನು ಪಕ್ಕದ ಊರಿನ ಶಾಲೆಗೆ ಸಾಗಿಸಿದ್ದರು. ಅಲ್ಲಿಗೆ ಹೋದೆ. ಹೆಡ್‌ಮೇಷ್ಟ್ರು ಒಳ್ಳೆಯವರು. ಬಿಸಿಯೂಟದ ಅಕ್ಕಿ ಮೂಟೆಗಳ ಹಿಂದಿದ್ದ ತಗಡಿನ ಟ್ರಂಕನ್ನು ನಾವಿಬ್ಬರೂ ಸೇರಿ ಎಳೆದು ತೆಗೆದೆವು. ಅಡ್ಮಿಷನ್ ರಿಜಿಸ್ಟರಿನ ಅಂಚನ್ನು ಗೆದ್ದಲು ತಿಂದಿತ್ತು. 2012ರ ಪುಟ ಸಿಕ್ಕಿತು, ಆ ವರ್ಷ ಒಂದನೇ ಕ್ಲಾಸಿಗೆ ಸೇರಿದ್ದವರೇ ನಾಲ್ಕು ಮಕ್ಕಳು. ಮೂರನೇ ಸಾಲಿನಲ್ಲಿ ನೀಲಿ ಇಂಕಿನಲ್ಲಿ ಇವಳ ಹೆಸರು, ತಂದೆಯ ಕಾಲಂನಲ್ಲಿ ನನ್ನ ಸಹಿ. ಆದರೆ ಹೆಸರಿನ ಜೊತೆ ಊರಿನ ಇನಿಷಿಯಲ್ಲೂ ಸೇರಿತ್ತು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ನನ್ನ ಹೆಸರಿನ ಇನಿಷಿಯಲ್ ಮಾತ್ರ ಇದೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ರಿಜಿಸ್ಟರಿನಲ್ಲಿ ಇರೋ ಹಾಗೇ ಬರೀಬೇಕು ಸ್ವಾಮಿ, ನಾನು ತಿದ್ದೋ ಹಾಗಿಲ್ಲ. ಇಬ್ಬರೂ ಒಬ್ಬರೇ ಅಂತ ಬೇರೆ ದೃಢೀಕರಣ ಕೊಡ್ತೀನಿ" ಎಂದರು. ಆ ಎರಡನೇ ಕಾಗದ ಮುಂದೆ ಬಹಳ ಕೆಲಸಕ್ಕೆ ಬಂತು.

ಮೇಲುಸಹಿಗೆ ಹೋದರೆ ಕೇಸ್ ವರ್ಕರ್ ರಜೆ, ಸಾಹೇಬರು ಮೀಟಿಂಗು, ಆಮೇಲೆ ಪರೀಕ್ಷಾ ಕೆಲಸ. ಅಷ್ಟು ದಿನ ಹಿಡಿದರೂ ತೊಂದರೆಯಾಗಲಿಲ್ಲ, ಏಕೆಂದರೆ ಅದು ಡಿಸೆಂಬರು. ಇದೇ ಓಡಾಟ ಜೂನ್‌ನಲ್ಲಾದರೆ ಜಿಲ್ಲೆಯ ಅರ್ಧ ಜನ ಅದೇ ಬಾಗಿಲಲ್ಲಿ ನಿಂತಿರುತ್ತಾರೆ. ಜಾತಿ ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಮೊದಲೇ ತೆಗೆಸಿದ್ದೆ. ಅದರ ಮೇಲೆ ಆರ್‌ಡಿ ಎಂದು ಶುರುವಾಗುವ ಸಂಖ್ಯೆಯನ್ನು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅರ್ಜಿಯಲ್ಲಿ ಹಾಕಬೇಕು, ಹೆಸರು ಅಲ್ಲಿಯೂ ಎಸ್‌ಎಸ್‌ಎಲ್‌ಸಿಯಲ್ಲಿ ಇದ್ದಂತೆಯೇ ಇರಬೇಕು.

ಅರ್ಜಿ ವಿಷಯದಲ್ಲಿ ತುಂಬ ಜನ ಎರಡನ್ನು ಬೆರೆಸಿಕೊಳ್ಳುತ್ತಾರೆ. ನೀಟ್ ಅರ್ಜಿ ಆ ಪರೀಕ್ಷೆ ನಡೆಸುವ ಕೇಂದ್ರದ ಎನ್‌ಟಿಎಗೆ, ರಾಜ್ಯದ ಸೀಟು ಹಂಚುವ ಕೌನ್ಸೆಲಿಂಗ್ ಅರ್ಜಿ ಕೆಇಎಗೆ. ಒಂದು ಹಾಕಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ನೀಟ್ ಅರ್ಜಿಯಲ್ಲಿ ಒಬಿಸಿ ಎಂದು ಕೇಳುವುದು ಕೇಂದ್ರದ ಪಟ್ಟಿಯ ಲೆಕ್ಕದಲ್ಲಿ. ರಾಜ್ಯದ 2ಎ, 2ಬಿ, 3ಎ, 3ಬಿ ಅಲ್ಲಿಲ್ಲ. ರಾಜ್ಯದ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ, ಪ್ರಮಾಣಪತ್ರದ ನಮೂನೆಯೂ ಬೇರೆ. ಹಾಗಾಗಿ ನೀಟ್ ಸ್ಕೋರ್ ಕಾರ್ಡಿನಲ್ಲಿ ಜನರಲ್ ಎಂದಿದ್ದರೆ ರಾಜ್ಯದ ಮೀಸಲಾತಿ ಹೋಯಿತು ಎಂದು ಗಾಬರಿಯಾಗಬೇಡಿ. ಕೆಇಎ ನೋಡುವುದು ತನ್ನ ಅರ್ಜಿಯಲ್ಲಿ ನೀವು ಹೇಳಿಕೊಂಡ ವರ್ಗವನ್ನು, ಅದಕ್ಕೆ ನಿಮ್ಮ ಹತ್ತಿರ ಇರುವ ದಾಖಲೆಯನ್ನು. ನಾವು ಫೆಬ್ರವರಿಯಲ್ಲೇ ಸಿಇಟಿ ಅರ್ಜಿಯನ್ನೂ ಹಾಕಿದ್ದೆವು. ಬಿಎಸ್ಸಿ ನರ್ಸಿಂಗ್, ಫಾರ್ಮಸಿಯಂಥವಕ್ಕೆ ಸಿಇಟಿ ಬೇಕು. ಡೆಂಟಲ್, ಆಯುರ್ವೇದ, ಹೋಮಿಯೋಪತಿಗೆ ನೀಟೇ ಬೇಕು. ಎರಡೂ ಬರೆದಿಟ್ಟರೆ ಬಾಗಿಲು ಜಾಸ್ತಿ.

2025ರ ಮೇ 4, ಭಾನುವಾರ. ಆ ವರ್ಷ ಪರೀಕ್ಷೆಯ ಸ್ವರೂಪವೇ ಬದಲಾಗಿತ್ತು. ಆಯ್ಕೆಗೆಂದು ಕೊಡುತ್ತಿದ್ದ ಹೆಚ್ಚುವರಿ ಪ್ರಶ್ನೆಗಳು ಹೋಗಿ 180 ಪ್ರಶ್ನೆ, 180 ನಿಮಿಷ. ಮೊದಲಿದ್ದ ಇಪ್ಪತ್ತು ನಿಮಿಷವೂ ಹೋಯಿತು. ಒಂದೂವರೆಗೆ ಗೇಟು ಹಾಕುತ್ತಾರೆ. ಅರ್ಧ ತೋಳಿನ ತೆಳು ಬಟ್ಟೆ, ಚಪ್ಪಲಿ, ಮೈಮೇಲೆ ಚಿನ್ನದ ಎಳೆ ಕೂಡ ಇರಬಾರದು, ಪೆನ್ನು ಅವರೇ ಕೊಡುತ್ತಾರೆ. ಕಿವಿಯೋಲೆ ಬಿಚ್ಚಲಾಗದೆ ಗೇಟಿನಲ್ಲಿ ಒಬ್ಬ ಹುಡುಗಿ ಅಳುತ್ತಿದ್ದಳು, ಯಾರದೋ ತಾಯಿ ಮುಂದೆ ಬಂದು ಎಣ್ಣೆ ಹಚ್ಚಿ ಬಿಡಿಸಿಕೊಟ್ಟರು. ಹಿಂದಿನ ರಾತ್ರಿಯೇ ಇವನ್ನೆಲ್ಲ ಮನೆಯಲ್ಲಿ ಬಿಚ್ಚಿಟ್ಟು ಬನ್ನಿ.

ಐದು ಗಂಟೆಗೆ ಹೊರಬಂದ ಮಕ್ಕಳ ಮುಖ ನೋಡಿಯೇ ಗೊತ್ತಾಯಿತು. ಫಿಸಿಕ್ಸ್ ಎಲ್ಲರನ್ನೂ ಮಲಗಿಸಿತ್ತು. ಇವಳು ಬಸ್ಸಿನಲ್ಲಿ ಒಂದೂ ಮಾತಾಡಲಿಲ್ಲ. ಕೀ ಉತ್ತರ ಬಂದ ಮೇಲೆ ಲೆಕ್ಕ ಹಾಕಿ, "ಅಪ್ಪ, ಐನೂರೂ ದಾಟಲ್ಲ" ಎಂದು ಬಾಗಿಲು ಹಾಕಿಕೊಂಡಳು. ಒಂದು ವರ್ಷ ಓದಿ 74 ಅಂಕ ಕಡಿಮೆ! ಆ ರಾತ್ರಿ ನಾವು ಮೂವರೂ ಊಟ ಮಾಡಿದ್ದು ನೆನಪಿಲ್ಲ.

ಜೂನ್ 14ರಂದು ಫಲಿತಾಂಶ ಬಂತು. 474. ಕೆಳಗೆ ರ‍್ಯಾಂಕ್ ನೋಡಿದರೆ ಒಂದು ಲಕ್ಷದೊಳಗೆ, ತೊಂಬತ್ತು ಸಾವಿರದ ಆಸುಪಾಸು. ಮೊದಲಿಗೆ ನಂಬಿಕೆಯೇ ಬರಲಿಲ್ಲ. ಆಮೇಲೆ ದೇಶದ ಲೆಕ್ಕ ನೋಡಿದೆವು. ಮೊದಲ ರ‍್ಯಾಂಕ್ ಪಡೆದವನಿಗೇ 686. 650 ದಾಟಿದವರು ಇಡೀ ದೇಶದಲ್ಲಿ 73 ಮಂದಿ, 600 ದಾಟಿದವರು ಎಲ್ಲ ಸೇರಿ ಸುಮಾರು 1,300. ಹಿಂದಿನ ವರ್ಷ 80 ಸಾವಿರದ ಹತ್ತಿರ ನಿಲ್ಲಿಸಿದ್ದ ಅದೇ 600, ಈ ವರ್ಷ ಒಂದೂವರೆ ಸಾವಿರದೊಳಗೆ! ಯಾರಾದರೂ "ಕಳೆದ ವರ್ಷ ಇಷ್ಟು ಮಾರ್ಕ್ಸಿಗೆ ಸಿಕ್ಕಿತ್ತು" ಎಂದರೆ ಕೇಳಿ ಸುಮ್ಮನಿರಿ. ಹೋಲಿಸಬೇಕಾದದ್ದು ರ‍್ಯಾಂಕನ್ನು, ಅದೂ ನಿಮ್ಮ ವರ್ಗದ ಕೊನೆಯ ರ‍್ಯಾಂಕನ್ನು. ಹಿಂದಿನ ವರ್ಷಗಳ ಕಟಾಫ್ ಪಟ್ಟಿ ಕೆಇಎ ಜಾಲತಾಣದಲ್ಲೇ ಇರುತ್ತದೆ, ಕಾಲೇಜುವಾರು, ವರ್ಗವಾರು. ನಾನು ಅದನ್ನು ಪ್ರಿಂಟ್ ಹಾಕಿಸಿ 2ಎಜಿ, 2ಎಆರ್, 2ಎಕೆ ಕಾಲಂಗಳಿಗೆ ಬೇರೆ ಬೇರೆ ಬಣ್ಣ ಬಳಿದಿದ್ದೆ.

ಇನ್ನೊಂದು ಗೊಂದಲ 'ಪಾಸ್'ನದು. ಆ ವರ್ಷ ಸಾಮಾನ್ಯ ವರ್ಗದ ಅರ್ಹತಾ ಅಂಕ 144. 12 ಲಕ್ಷದ ಮೇಲೆ ಮಕ್ಕಳು ಅರ್ಹರಾದರು. ಆಗ ದೇಶದಲ್ಲಿದ್ದ ಎಂಬಿಬಿಎಸ್ ಸೀಟು ಸುಮಾರು 1.2 ಲಕ್ಷ, ಅದರಲ್ಲಿ ಸರ್ಕಾರಿ ಕಾಲೇಜಿನವು ಅರ್ಧದಷ್ಟು. ಅರ್ಹತೆ ಎಂದರೆ ಸಾಲಿನಲ್ಲಿ ನಿಲ್ಲಲು ಅನುಮತಿ, ಅಷ್ಟೇ. ನಮ್ಮೂರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ 160 ಬಂದ ಹುಡುಗನಿಗೆ "ಭಾವಿ ವೈದ್ಯರಿಗೆ ಶುಭಾಶಯ" ಎಂದು ಫೋಟೊ ಹಾಕಿದ್ದರು. ಪಾಪ, ಅವರಪ್ಪ ಆಮೇಲೆ ಏಜೆಂಟರ ಕೈಗೆ ಸಿಕ್ಕರು.

ಏಜೆಂಟರ ಫೋನು ನಮಗೂ ಬಂತು. ಫಲಿತಾಂಶ ಬಂದ ಮರುದಿನವೇ ನಂಬರ್, ಹೆಸರು, ಅಂಕ ಎಲ್ಲ ಅವರ ಬಳಿ ಇತ್ತು. "ಸೀಟ್ ಬ್ಲಾಕ್ ಮಾಡಿಸಿಕೊಡ್ತೀವಿ ಸಾರ್, ಟೋಕನ್ ಅಡ್ವಾನ್ಸ್ ಐವತ್ತು ಸಾವಿರ ಹಾಕಿ." ಖಾಸಗಿ ಕಾಲೇಜುಗಳ ಖಾಸಗಿ ಕೋಟಾ ಸೀಟು ಕೂಡ ಹಂಚಿಕೆಯಾಗುವುದು ಕೌನ್ಸೆಲಿಂಗ್ ಮೂಲಕವೇ. ಫೋನಿನಲ್ಲಿ ಬ್ಲಾಕ್ ಮಾಡಿಸುವಂಥದ್ದು ಏನೂ ಇಲ್ಲ. ನಂಬರ್ ಬ್ಲಾಕ್ ಮಾಡಿ, ಮುಂದಕ್ಕೆ ಹೋಗಿ.

ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಪಟ್ಟಿ ಮಾಡುವುದಕ್ಕೆ ಬರೋಣ. ರಾಜ್ಯದ ಸರ್ಕಾರಿ ಕಾಲೇಜುಗಳ ಸೀಟಿನಲ್ಲಿ 15 ಪರ್ಸೆಂಟ್ ಅಖಿಲ ಭಾರತ ಕೋಟಾ, ಅದನ್ನು ದೆಹಲಿಯ ಎಂಸಿಸಿ (ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ) ಹಂಚುತ್ತದೆ. ಉಳಿದ 85 ಕೆಇಎ ಪಾಲು. ಕೆಇಎ ಪಟ್ಟಿಯಲ್ಲಿ ಒಂದೇ ಖಾಸಗಿ ಕಾಲೇಜಿನ ಹೆಸರು ಕೋಟಾಕ್ಕೊಂದರಂತೆ ಹಲವು ಸಲ ಕಾಣುತ್ತದೆ. ಹೆಸರು ಒಂದೇ, ಶುಲ್ಕ ಬೇರೆ. 2025ರಲ್ಲಿ ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಅರವತ್ತು ಸಾವಿರದ ಹತ್ತಿರ, ಖಾಸಗಿಯ ಸರ್ಕಾರಿ ಕೋಟಾಕ್ಕೆ ಒಂದೂವರೆ ಲಕ್ಷದ ಆಸುಪಾಸು ಇತ್ತು, ಖಾಸಗಿ ಕೋಟಾಕ್ಕೆ ಹತ್ತು ಲಕ್ಷ ದಾಟುತ್ತಿತ್ತು. ಎಲ್ಲವೂ ವರ್ಷದ ಲೆಕ್ಕ. ಕಾಲೇಜಿನ ಹೆಸರು ನೋಡಿ ಟಿಕ್ ಒತ್ತುವ ಮೊದಲು ಪಕ್ಕದ ಶುಲ್ಕದ ಕಾಲಂ ಮೇಲೆ ಬೆರಳಿಟ್ಟು ಓದಿ. ಕಟ್ಟಲಾಗದ ಸೀಟನ್ನು ಪಟ್ಟಿಗೆ ಸೇರಿಸಲೇಬೇಡಿ.

ಕ್ರಮದ ಬಗ್ಗೆ ಊರಿಗೊಂದು ಸಲಹೆ. "ಸಿಗೋದನ್ನ ಮೇಲೆ ಹಾಕಿ, ಇಲ್ಲಾಂದ್ರೆ ಅದೂ ಹೋಗುತ್ತೆ" ಎಂದು ಸೈಬರ್ ಸೆಂಟರಿನ ಹುಡುಗನೂ ಹೇಳಿದ. ಹಾಗಲ್ಲ. ನಿಮ್ಮ ರ‍್ಯಾಂಕಿನ ಸರದಿ ಬಂದಾಗ ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ನೋಡುತ್ತಾ ಬಂದು, ಖಾಲಿ ಇರುವ ಮೊದಲನೆಯದನ್ನು ಕೊಡುತ್ತದೆ. ಮೇಲೆ ಹತ್ತು ಅಸಾಧ್ಯದ ಕಾಲೇಜು ಹಾಕಿದ್ದರೂ ಹನ್ನೊಂದನೆಯದಕ್ಕೆ ಧಕ್ಕೆಯಿಲ್ಲ. ನಾವು ಮೈಸೂರು, ಬೆಂಗಳೂರಿನಿಂದ ಶುರುಮಾಡಿ, ಶಿವಮೊಗ್ಗ, ಹಾಸನ, ಆಮೇಲೆ ಗದಗ, ಹಾವೇರಿ, ಕಾರವಾರ, ಕೊಡಗು ಎಲ್ಲ ಹಾಕಿ, ಅದರ ಕೆಳಗೆ ಖಾಸಗಿಯ ಸರ್ಕಾರಿ ಕೋಟಾ ಇಟ್ಟೆವು. ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಸಂವಿಧಾನದ 371ಜೆ ವಿಧಿಯಡಿ 70 ಪರ್ಸೆಂಟ್ ಸೀಟು ಅಲ್ಲಿನವರಿಗೇ ಮೀಸಲು. ನಮ್ಮಂಥವರು ಉಳಿದ ಸೀಟುಗಳ ಕಟಾಫ್ ನೋಡಬೇಕು. ಎಲ್ಲರದೂ ಸೇರಿದ ಪಟ್ಟಿ ನೋಡಿದರೆ ಲೆಕ್ಕ ತಪ್ಪುತ್ತದೆ.

ನಿಜವಾದ ಸುತ್ತಿಗೆ ಮೊದಲು ಅಂದಾಜಿಗೆಂದು ಮಾಡುವ ಅಣಕು ಹಂಚಿಕೆಯಲ್ಲಿ ಒಂದು ಖಾಸಗಿ ಕಾಲೇಜಿನ ಸರ್ಕಾರಿ ಕೋಟಾ ಬಂತು. ಆಗಸ್ಟ್‌ನಲ್ಲಿ ಮೊದಲ ಸುತ್ತಿನಲ್ಲೂ ಅದೇ. ಎಂಬಿಬಿಎಸ್ ಎಂಬ ಅಕ್ಷರ ಪರದೆಯ ಮೇಲೆ ಕಂಡಾಗ ಅವಳಮ್ಮ ದೇವರ ಮುಂದೆ ಹೋಗಿ ಕೂತಳು. ನಾನು ಕ್ಯಾಲ್ಕುಲೇಟರ್ ಹಿಡಿದೆ. ಛಾಯ್ಸ್ 1 ಒತ್ತಿದರೆ ಇದೇ ಕಾಲೇಜು, ಆಟ ಮುಗಿಯಿತು. ಛಾಯ್ಸ್ 2 ಒತ್ತಿದರೆ ಈ ಸೀಟು ಕೈಯಲ್ಲಿರುತ್ತದೆ, ಮುಂದಿನ ಸುತ್ತಿನಲ್ಲಿ ಪಟ್ಟಿಯ ಮೇಲಿನದು ಸಿಕ್ಕರೆ ಇದು ತಾನಾಗಿ ಹೋಗುತ್ತದೆ. ಛಾಯ್ಸ್ 3 ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಕಾಯುವುದು, 4 ಎಂದರೆ ಪೂರ್ತಿ ಹೊರಗೆ. ನಾವು 2 ಒತ್ತಿದೆವು. ಅದಕ್ಕೂ ಹಣ ಕಟ್ಟಬೇಕಿತ್ತು, ಕಟ್ಟಲು ಕೊಟ್ಟಿದ್ದೇ ನಾಲ್ಕಾರು ದಿನ. ಒಡವೆ ಸೊಸೈಟಿಗೆ ಹೋಯಿತು. ಸೀಟು ಬಂದ ಮೇಲೆ ಸಾಲಕ್ಕೆ ಓಡಾಡುತ್ತೇನೆ ಎಂದುಕೊಂಡರೆ ಸಮಯ ಸಾಲದು. ಹಣ ಎಲ್ಲಿಂದ ಎಂಬುದು ಆಪ್ಷನ್ ಹಾಕುವ ಹೊತ್ತಿಗೇ ಗೊತ್ತಿರಬೇಕು. ಮತ್ತೊಂದು ಮಾತು, ಛಾಯ್ಸ್ ನಿಯಮ ಮತ್ತು ಠೇವಣಿ ಲೆಕ್ಕವನ್ನು ಕೆಇಎ ಸುತ್ತಿನಿಂದ ಸುತ್ತಿಗೆ ಬದಲಿಸುವುದುಂಟು, ಆಯಾ ಸುತ್ತಿನ ಸೂಚನೆಯನ್ನೇ ಓದಿ.

ಮೊದಲ ಸುತ್ತಿಗೂ ಎರಡನೆಯದಕ್ಕೂ ನಡುವಿನ ಕಾಯುವಿಕೆಯೇ ಅತಿ ಕೆಟ್ಟದ್ದು. ಅಖಿಲ ಭಾರತ ಕೋಟಾದ ವೇಳಾಪಟ್ಟಿ ಮುಂದೆ ಹೋದರೆ ರಾಜ್ಯದ್ದೂ ಮುಂದೆ ಹೋಗುತ್ತದೆ. ಅಲ್ಲಿ ಸೀಟು ಸಿಕ್ಕವರು ಇಲ್ಲಿನದನ್ನು ಬಿಡುತ್ತಾರೆ, ಹಾಗೆ ಬಿಟ್ಟ ಸೀಟುಗಳೇ ನಮ್ಮಂಥವರ ಆಸೆ. ಬೆಳಿಗ್ಗೆ ಎದ್ದರೆ ಕೆಇಎ ಜಾಲತಾಣ, ಮಲಗುವ ಮುಂಚೆ ಕೆಇಎ ಜಾಲತಾಣ. ಟೆಲಿಗ್ರಾಂ ಗುಂಪಿನಲ್ಲಿ ದಿನಕ್ಕೊಂದು ಸುಳ್ಳು ದಿನಾಂಕ. ಅವಳ ಗೆಳತಿ ಈ ಗೊಡವೆಯೇ ಬೇಡವೆಂದು ಸಿಇಟಿ ರ‍್ಯಾಂಕಿನಲ್ಲಿ ಬಿಎಸ್ಸಿ ನರ್ಸಿಂಗ್ ಸೇರಿ ಆಗಲೇ ಕಾಲೇಜಿಗೆ ಹೋಗುತ್ತಿದ್ದಳು. ಫೋನಿನಲ್ಲಿ ಅವಳು ಅನಾಟಮಿ ಕ್ಲಾಸಿನ ಕತೆ ಹೇಳುವಾಗ ಇವಳು "ಹೂಂ, ಹೂಂ" ಎನ್ನುತ್ತಿದ್ದದ್ದು ಪಕ್ಕದ ಕೋಣೆಗೆ ಕೇಳುತ್ತಿತ್ತು.

ಎರಡನೇ ಸುತ್ತು ಬರುವ ಹೊತ್ತಿಗೆ ಮಳೆ ಹಿಡಿತ ಬಿಟ್ಟಿತ್ತು. ರಾತ್ರಿ ಹತ್ತರ ಮೇಲೆ ಫಲಿತಾಂಶ ಹಾಕಿದರು. ಹಾವೇರಿ, ಸರ್ಕಾರಿ ಕಾಲೇಜು. ಹಂಚಿಕೆಯಾದ ವರ್ಗದ ಕಾಲಂನಲ್ಲಿ 2ಎಕೆ. ಗೆದ್ದಲು ಹಿಡಿದ ರಿಜಿಸ್ಟರಿನಿಂದ ಮೇಷ್ಟ್ರು ಬರೆದುಕೊಟ್ಟ ಆ ಒಂದು ಹಾಳೆ ಇಲ್ಲದಿದ್ದರೆ ಇದೇ ರ‍್ಯಾಂಕಿಗೆ ಖಾಸಗಿ ಕಾಲೇಜಿನಲ್ಲೇ ಇರುತ್ತಿದ್ದಳು. ವರ್ಷಕ್ಕೆ ತೊಂಬತ್ತು ಸಾವಿರದ ವ್ಯತ್ಯಾಸ.

ಸೇರುವ ದಿನ ಏನೇನು ಬೇಕು ಎಂದು ಕೇಳಿದವರಿಗೆ: ನೀಟ್ ಪ್ರವೇಶಪತ್ರ ಮತ್ತು ಸ್ಕೋರ್ ಕಾರ್ಡ್, ಕೆಇಎ ಪ್ರವೇಶ ಆದೇಶ, ಶುಲ್ಕದ ಚಲನ್, ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಅಂಕಪಟ್ಟಿ, ಪಿಯು ಕಾಲೇಜಿನ ಟಿಸಿ, ವ್ಯಾಸಂಗ, ಗ್ರಾಮೀಣ, ಕನ್ನಡ ಮಾಧ್ಯಮ ಪ್ರಮಾಣಪತ್ರಗಳು, ಜಾತಿ ಆದಾಯ, ಆಧಾರ್, ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ, ಒಂದು ಹಿಡಿ ಫೋಟೊ. ಮೂಲ ದಾಖಲೆ ಒಪ್ಪಿಸಿದ ಮೇಲೆ ಬೇಕೆಂದಾಗ ಕೈಗೆ ಸಿಗುವುದಿಲ್ಲ. ವಿದ್ಯಾರ್ಥಿವೇತನ, ಹಾಸ್ಟೆಲ್, ಬ್ಯಾಂಕ್ ಸಾಲಕ್ಕೆ ಮತ್ತೆ ಮತ್ತೆ ಅವೇ ಬೇಕಾಗುತ್ತವೆ. ಆದ್ದರಿಂದ ಸ್ಕ್ಯಾನ್ ಮಾಡಿ ಫೋನಿನಲ್ಲಿಟ್ಟು, ಐದಾರು ಜೆರಾಕ್ಸ್ ಸೆಟ್ ದೃಢೀಕರಿಸಿಕೊಳ್ಳಿ. ಇನಿಷಿಯಲ್ ವ್ಯತ್ಯಾಸದ ಪ್ರಶ್ನೆ ಸೇರುವ ದಿನವೂ ಎದ್ದಿತು. ಮೇಷ್ಟ್ರ ಎರಡನೇ ಕಾಗದ ತೋರಿಸಿದೆ, ಗುಮಾಸ್ತರು ಓದಿ ಫೈಲಿಗೆ ಸೇರಿಸಿ "ಮುಂದಿನವರು" ಅಂದರು.

ಎರಡನೇ ಸುತ್ತಿನಲ್ಲೂ ಸಿಗದವರು ಕೈಚೆಲ್ಲಬೇಡಿ, ಮೂರನೇ ಸುತ್ತು, ಆಮೇಲೆ ಉಳಿದ ಸೀಟುಗಳಿಗೆ ಸ್ಟ್ರೇ ಸುತ್ತು ಇರುತ್ತವೆ. ಆದರೆ ಕೊನೆಯ ಸುತ್ತುಗಳಲ್ಲಿ ಸಿಕ್ಕ ಸೀಟು ಬಿಟ್ಟರೆ ದಂಡ, ಠೇವಣಿ ಮುಟ್ಟುಗೋಲು ಎಲ್ಲ ಇರುತ್ತದೆ. ಸೇರುವ ಮನಸ್ಸಿರುವ ಕಾಲೇಜನ್ನು ಮಾತ್ರ ಹಾಕಿ. ಈಗ ದ್ವಿತೀಯ ಪಿಯುಸಿಯಲ್ಲಿ ಮಕ್ಕಳಿರುವವರು ಇವತ್ತೇ ಜಾತಿ ಆದಾಯ ಪ್ರಮಾಣಪತ್ರ ತೆಗೆದು ದಿನಾಂಕ ನೋಡಿ. ಐದು ವರ್ಷದ ಅವಧಿ ಕೌನ್ಸೆಲಿಂಗಿನ ನಡುವೆ ಮುಗಿಯುವಂತಿದ್ದರೆ ಹೊಸದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ, ಹೆಸರು ಎಸ್‌ಎಸ್‌ಎಲ್‌ಸಿ ಕಾರ್ಡ್ ನೋಡಿಕೊಂಡೇ ಬರೆಸಿ.